ಎಡದಿಂದ ಬಲಕ್ಕೆ ಮೂವರು ನಟರು

೧

ಈ ಕತೆಯನ್ನು ಎಡಗಡೆಯಿಂದ ಶುರು ಮಾಡುವುದೋ ಬಲಗಡೆಯಿಂದಲೋ ಎಂಬುದೇ ಮೊದಲ ತಕರಾರು. ನಗಬೇಡಿ. ಕನ್ನಡ ಓದುವವರಿಗೆ ಇದರಲ್ಲಿ ಯೋಚಿಸುವುದಕ್ಕೇನಿದೆ, ಕಣ್ಣು ತಾನಾಗಿ ಎಡದಿಂದ ಬಲಕ್ಕೆ ಓಡುತ್ತದೆ ಎನ್ನುತ್ತೀರಿ. ದೀಪ್ತಿಯೂ ಹಾಗೆಯೇ ಅಂದುಕೊಂಡಳು. ಕೆಟ್ಟದ್ದು ಅಲ್ಲಿಯೇ.

ಈವರೆಗೆ ಮೂರು ಆರಂಭ ಬರೆದು ಮೂರನ್ನೂ ಅಳಿಸಿದ್ದೇನೆ. ಮೊದಲನೆಯದರಲ್ಲಿ ದುಬೈಯ ಬಿಸಿಲಿತ್ತು. (ದುಬೈ ಕತೆ ಎಂದರೆ ಬಿಸಿಲು, ಮರಳು, ಮುಗಿಲು ಮುಟ್ಟುವ ಕಟ್ಟಡ. ಈ ಕತೆ ನಡೆಯುವ ಕರಾಮದಲ್ಲಿ ನಾಲ್ಕು ಮಾಳಿಗೆಯ ಹಳೇ ಬಿಲ್ಡಿಂಗುಗಳಿವೆ. ನೀರುದೋಸೆ ಸಿಗುತ್ತದೆ, ಪಾರ್ಕಿಂಗ್ ಸಿಗುವುದಿಲ್ಲ. ಬಿಸಿಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ.) ಎರಡನೆಯದು 'ಕಬುಕಿ ಎಂಬುದು ಜಪಾನಿನ ಸಾಂಪ್ರದಾಯಿಕ ರಂಗಕಲೆ' ಎಂದು ಶುರುವಾಗುತ್ತಿತ್ತು. ಏಳನೇ ಕ್ಲಾಸಿನ ಪಾಠ. ನನಗೇ ಆಕಳಿಕೆ ಬಂತು.

ಮೂರನೆಯದು ಮಾತ್ರ ಚೆನ್ನಾಗಿತ್ತು. ಕರಾಮದ ಫ್ರೇಮ್ ಅಂಗಡಿಯಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ಹೆಂಗಸು ನೂರೈವತ್ತು ವರ್ಷ ಹಳೆಯ ಜಪಾನೀ ಚಿತ್ರವೊಂದನ್ನು ಬಿಚ್ಚುತ್ತಾಳೆ. ಕೆಂಪು ಗೆರೆ ಬಳಿದುಕೊಂಡ ನಟನ ಮುಖ ಕಂಡದ್ದೇ ತಡ, ಯಕ್ಷಗಾನದಲ್ಲಿ ಬಣ್ಣದ ವೇಷ ಹಾಕುತ್ತಿದ್ದ ಅಪ್ಪ ನೆನಪಾಗುತ್ತಾರೆ, ಕಿವಿಯಲ್ಲಿ ಚೆಂಡೆ ಕೇಳುತ್ತದೆ, ಕಣ್ಣು ತುಂಬುತ್ತದೆ. ಬರೆಯುವಾಗ ನನ್ನ ಕಣ್ಣೂ ತುಂಬಿತು. ಆ ಖುಷಿಯಲ್ಲಿ ಅದನ್ನು ದೀಪ್ತಿಗೇ ಓದಿ ಹೇಳಿದೆ.

೨

"ನನ್ನಪ್ಪ ಪೋಸ್ಟಾಫೀಸಿನಲ್ಲಿದ್ದದ್ದು," ಎಂದಳು ದೀಪ್ತಿ. "ಆಟಕ್ಕೆ ಕರ್ಕೊಂಡು ಹೋದ್ರೆ ಪೂರ್ವರಂಗಕ್ಕೇ ಗೊರಕೆ ಹೊಡೀತಿದ್ರು. ಎಂಥದು ಮಾರಾಯ್ರೆ, ನಮ್ಮ ಊರಿನವರ ಕತೆ ಬರೀಬೇಕಾದ್ರೆ ಅಪ್ಪನಿಗೆ ಒಂದು ವೇಷ ಹಾಕಿಸ್ಲೇಬೇಕಾ?"

ಹಾಕಿಸಲೇಬೇಕೆಂದೇನಿಲ್ಲ. ಹಾಕಿಸಿದರೆ ಬರೆಯುವವನಿಗೆ ಕೆಲಸ ಹಗುರ, ಅಷ್ಟೇ. ಆದರೆ ಈ ದೀಪ್ತಿ ಒಂದು ವಾಕ್ಯವನ್ನೂ ಹಗುರವಾಗಿ ಬರೆಯಗೊಡುವುದಿಲ್ಲ. ನಾನು ಸೃಷ್ಟಿಸಿದ ಪಾತ್ರವಾಗಿದ್ದರೆ ಎರಡನೇ ಪುಟದಲ್ಲೇ ಊರಿಗೆ ಕಳಿಸಿಬಿಡುತ್ತಿದ್ದೆ. ಏನು ಮಾಡುವುದು, ಅಲ್ ಕುಸೈಸಿನ ನಮ್ಮ ಬಿಲ್ಡಿಂಗಿನಲ್ಲೇ ಎರಡು ಮಾಳಿಗೆ ಕೆಳಗೆ ಅವಳ ಮನೆ. ಲಿಫ್ಟಿನಲ್ಲಿ ದಿನಾ ಸಿಗುತ್ತಾಳೆ.

ಅವಳಿಗೆ ನಲವತ್ತಾರು. ಗಂಡ ಸುಶಾಂತ್ ಲಾಜಿಸ್ಟಿಕ್ಸ್ ಕಂಪೆನಿಯೊಂದರಲ್ಲಿ ಮ್ಯಾನೇಜರ್. ಅವಳ ವೀಸಾ ಅವನ ಮೇಲಿದೆ. ಹದಿನಾಲ್ಕು ವರ್ಷದಿಂದ ಕರಾಮದಲ್ಲಿ ಆಲ್ಫೋನ್ಸ್ ಎಂಬವರ ಫ್ರೇಮ್ ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ. ಚಿತ್ರದ ಸುತ್ತ ಕಿಟಕಿಯ ಹಾಗೆ ಕೂರುವ ದಪ್ಪ ರಟ್ಟು ಇರುತ್ತದಲ್ಲ, ಮೌಂಟ್ ಬೋರ್ಡು, ಅದನ್ನು ಕತ್ತರಿಸುವವಳು ಅವಳು. ಸುಶಾಂತ್ ಅದನ್ನು ಟೈಮ್‌ಪಾಸ್ ಎನ್ನುತ್ತಾನೆ, ನಾಲ್ಕು ಜನ ಸೇರಿದಲ್ಲಿಯೂ ಎನ್ನುತ್ತಾನೆ. ಅಂಗಡಿಯ ವ್ಯಾನ್ ಓಡಿಸುವ ಪಠಾಣ ಮಾತ್ರ ಅವಳನ್ನು ಉಸ್ತಾದ್ ಎಂದು ಕರೆಯುತ್ತಾನೆ. ಈ ಊರಿನಲ್ಲಿ ಅವಳಿಗೆ ಅವಳದ್ದೇ ಎಂದು ಇರುವ ಹೆಸರು ಅದೊಂದು. ಉಳಿದ ಕಡೆ ಅವಳು ಮಿಸೆಸ್ ಸುಶಾಂತ್.

ಇನ್ನು ನಾನು. ದೇರಾದ ಒಂದು ಟೈಪಿಂಗ್ ಸೆಂಟರಿನಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದೇನೆ. ವೀಸಾ ಅರ್ಜಿ, ರಾಜೀನಾಮೆ, ಕ್ಷಮಾಪಣೆ, ಎನ್‌ಒಸಿ. ನಾನು ಬರೆದದ್ದರ ಕೆಳಗೆ ಬೇರೆಯವರು ಸಹಿ ಹಾಕುತ್ತಾರೆ, ಖಲಾಸ್. ರಜೆಯ ದಿನ ಕತೆ ಬರೆಯುತ್ತೇನೆ. ಈ ಸಲ ಕನ್ನಡ ಸಂಘದ ಸ್ಮರಣಸಂಚಿಕೆಯವರು 'ಏನಾದ್ರೂ ಪಾಸಿಟಿವ್ ಆಗಿ ಕೊಡಿ' ಎಂದು ಎರಡು ವಾರದಿಂದ ವಾಟ್ಸಾಪಿನಲ್ಲಿ ಪ್ರಾಣ ತಿನ್ನುತ್ತಿದ್ದಾರೆ.

ದೀಪ್ತಿ ನನ್ನಲ್ಲಿಗೆ ಬಂದದ್ದು ಕತೆಗಲ್ಲವೇ ಅಲ್ಲ, ಒಂದು ಲೆಟರಿಗೆ. ಇಂಗ್ಲಿಷಿನಲ್ಲಿ, ಒಂದೇ ಪೇಜು. ಅದೂ ಅವಳ ಹೆಸರಿನಲ್ಲಿ ಅಲ್ಲ, ಅಂಗಡಿಯಲ್ಲಿ ಜತೆಗೆ ಕೆಲಸ ಮಾಡುವ ನೌಶಾದ್‌ನ ಹೆಸರಿನಲ್ಲಿ.

೩ (ನಡೆದದ್ದು, ಇದನ್ನು ಒಂದನೆಯದಾಗಿ ಬರೆಯಬೇಕಿತ್ತು ಎನ್ನುವವರು ತಾವೇ ಬರೆದುಕೊಳ್ಳಬಹುದು)

ಅಬುಧಾಬಿಯ ಖಾಲಿದಿಯಾದಿಂದ ಹಫ್ಸ ಮೇಡಂ ಎಂಬ ಹಿರಿಯ ಎಮಿರಾತಿ ಮಹಿಳೆ ಆರು ಚಿತ್ರಗಳನ್ನು ತಂದುಕೊಟ್ಟರು. ತೀರಿಹೋದ ಅವರ ಗಂಡ ಒಸಾಕಾದಲ್ಲಿ ಓದುತ್ತಿದ್ದಾಗ ಕೊಂಡವು. ಎಲ್ಲವೂ ಮರದಚ್ಚಿನವು: ಹಲಗೆಯಲ್ಲಿ ಗೆರೆ ಕೆತ್ತಿ, ಬಣ್ಣಕ್ಕೊಂದು ಹಲಗೆಯಂತೆ ಕಾಗದಕ್ಕೆ ಒತ್ತಿದವು. ಐದರಲ್ಲಿ ವರ್ಷದ ಹಬ್ಬಗಳಿದ್ದವು. ಹೊಸ ವರ್ಷಕ್ಕೆ ಬಾಗಿಲಲ್ಲಿ ಪೈನ್ ಕೊಂಬೆ, ಮೂರನೇ ತಿಂಗಳಿಗೆ ಹೆಣ್ಣುಮಕ್ಕಳ ಗೊಂಬೆ ಹಬ್ಬ, ಐದಕ್ಕೆ ಗಾಳಿಯಲ್ಲಿ ಈಜುವ ಕಾಗದದ ಮೀನು, ಏಳಕ್ಕೆ ಬಿದಿರಿಗೆ ಆಸೆಯ ಚೀಟಿ ಕಟ್ಟುವ ನಕ್ಷತ್ರದ ಹಬ್ಬ, ಒಂಬತ್ತಕ್ಕೆ ಸೇವಂತಿಗೆ. ಈ ಐದಕ್ಕೂ ಏನೂ ಆಗಲಿಲ್ಲ. ಬಂದಷ್ಟೇ ಚೆಂದಕ್ಕೆ ಫ್ರೇಮಾಗಿ ಹೋದವು, ಹಾಗಾಗಿ ಕತೆಗೆ ಉಪಯೋಗವಿಲ್ಲ.

ಆರನೆಯದು ಮೂರು ಹಾಳೆ ಸೇರಿ ಒಂದು ಚಿತ್ರ. ಹಾಳೆಗೊಬ್ಬ ಕಬುಕಿ ನಟ: ಕೆಂಪು ಗೆರೆಯ ವೀರ, ಹೆಣ್ಣುವೇಷದವ, ನೀಲಿ ಗೆರೆಯ ಖಳ. ಮೂವರ ತಲೆಯ ಮೇಲೂ ಹಾದುಹೋಗುವ, ಹಿಮ ಬಿದ್ದ ಒಂದೇ ಕೊಂಬೆ.

ಅಂದು ಶುಕ್ರವಾರ. ಅಂಗಡಿಯ ಮುಖ್ಯ ಫ್ರೇಮರ್ ನೌಶಾದ್, ಉಳ್ಳಾಲ ಕಡೆಯ ಬ್ಯಾರಿ, ನಲವತ್ತೊಂದು ವಯಸ್ಸಿನವನು, ಮೂರೂ ಹಾಳೆಯನ್ನು ಮೇಜಿನ ಮೇಲೆ ಜೋಡಿಸಿಟ್ಟು ಜುಮಾ ನಮಾಜಿಗೆ ಹೋದ. ಹಾಳೆಗಳ ಬೆನ್ನಿಗೆ ಯಾರೋ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದರು. ನೌಶಾದ್ ಒಂದನ್ನು ಬಲಕ್ಕಿಟ್ಟು ಮೂರನ್ನು ಎಡಕ್ಕಿಟ್ಟಿದ್ದ. ಮದರಸದಲ್ಲಿ ಅರಬಿ ಓದಿದ ಕೈ, ಬಲದಿಂದ ಶುರು ಮಾಡಿತು. ಜಪಾನಿನವರ ಲೆಕ್ಕವೂ ಅದೇ ಎಂಬುದು ಅವನಿಗೂ ಗೊತ್ತಿರಲಿಲ್ಲ.

ದೀಪ್ತಿ ಬಂದು ನೋಡಿದಳು. ಇವನ ಮಂಡೆ ಆಗಲೇ ನಮಾಜಿಗೆ ಹೋಗಿ ಆಗಿದೆ ಎಂದುಕೊಂಡು ಒಂದನ್ನು ಎಡಕ್ಕೆ ತಂದಳು, ಮೂರನ್ನು ಬಲಕ್ಕೆ ಸರಿಸಿದಳು. ಈಗ ವೀರ ಎಡತುದಿಯಲ್ಲಿ ಆ ಗೋಡೆಯ ಕಡೆ ಮುಖ ಮಾಡಿ ನಿಂತ, ಖಳ ಬಲತುದಿಯಲ್ಲಿ ಈ ಗೋಡೆಯ ಕಡೆ. ನಡುವೆ ಹೆಣ್ಣುವೇಷದವ ಒಬ್ಬನೇ. ಊಟದ ಪಂಕ್ತಿಯಲ್ಲಿ ಮುನಿಸಿಕೊಂಡ ಬೀಗರ ಹಾಗಿತ್ತು. ಅವಳಿಗೆ ಅನುಮಾನ ಬರಲಿಲ್ಲ. ಆಟದವರಲ್ಲವೇ, ಏನೋ ಒಂದು ಪೋಸು.

ಆದರೆ ಕೊಂಬೆ ಕೂಡಿಕೊಳ್ಳಲಿಲ್ಲ. ಹಾಳೆಗಳ ಅಂಚಿನ ಬಿಳಿ ಪಟ್ಟಿಯೇ ಅಡ್ಡ ಬರುತ್ತಿದೆ ಎಂದು ಅವಳಿಗೆ ಕಂಡಿತು. ಕರಾಮದ ಫ್ರೇಮ್ ಅಂಗಡಿಗೆ ಬರುವುದು ಡಿಗ್ರಿ ಸರ್ಟಿಫಿಕೇಟು, ಮಕ್ಕಳ ಫೋಟೊ, ದೇವರ ಪಟ. ಬಿಳಿ ಅಂಚಿದ್ದರೆ ಕತ್ತರಿಸುವುದೇ ರೂಢಿ. ಅವಳು ಸ್ಕೇಲ್ ಇಟ್ಟು ಬ್ಲೇಡ್ ಎಳೆದಳು. ಒಂದನೆಯದರ ಬಲ ಅಂಚು, ಎರಡನೆಯದರ ಎರಡೂ ಅಂಚು, ಮೂರನೆಯದರ ಎಡ ಅಂಚು. ನಾಲ್ಕೂ ಸಲ ಬ್ಲೇಡ್ ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಆಮೇಲೂ ಕೊಂಬೆ ಸರಿಯಾಗಿ ಕೂಡದಿದ್ದಾಗ ಆ ಕಾಲದ ಪ್ರಿಂಟಿಂಗೇ ಇಷ್ಟು ಎಂದು ಸಮಾಧಾನ ಮಾಡಿಕೊಂಡಳು. ನಾಲ್ಕು ಪಟ್ಟಿಗಳು ಕಸದ ಡಬ್ಬಕ್ಕೆ ಹೋದವು. ಅವುಗಳಲ್ಲಿ ಒಂದರ ಮೇಲೆ ಚಿತ್ರ ಅಚ್ಚು ಹಾಕಿಸಿದವನ ಮುದ್ರೆಯಿತ್ತು.

ನೌಶಾದ್ ವಾಪಸು ಬಂದಾಗ ಮೂರೂ ಹಾಳೆ ಮೌಂಟಿನೊಳಗೆ ಕೂತಿದ್ದವು. ಅವನು ಗಾಜು ಹಾಕಿ, ಹಿಂಬದಿ ಮುಚ್ಚಿ, ಜಾಬ್ ಕಾರ್ಡಿನಲ್ಲಿ ಕಟಿಂಗ್, ಮೌಂಟಿಂಗ್, ಫಿನಿಶಿಂಗ್ ಮೂರಕ್ಕೂ ತನ್ನ ಸಹಿ ಎಳೆದ. ಯಾವಾಗಲೂ ಅವನದೇ ಸಹಿ. ಪಾರ್ಟ್ ಟೈಮಿನವಳ ಹೆಸರಿಗೆ ಆ ಕಾರ್ಡಿನಲ್ಲಿ ಜಾಗವೇ ಇಲ್ಲ.

೩ (ಮುಂದುವರಿದದ್ದು, ಏಕೆಂದರೆ ನಾಲ್ಕಕ್ಕೆ ಬೇರೆ ಯೋಜನೆಯಿದೆ)

ಹಫ್ಸ ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಆಲ್ಫೋನ್ಸ್ ಸುಧಾರಿಸುತ್ತಿದ್ದರು, ನಾನೂ ಬಚಾವಾಗುತ್ತಿದ್ದೆ. ಅವರು ಫ್ರೇಮ್ ಬಿಚ್ಚಿಸಿ, ಹಾಳೆಗಳನ್ನು ತಾವೇ ಬಲದಿಂದ ಜೋಡಿಸಿ ನೋಡಿದರು. ವೀರ ಮತ್ತು ಖಳ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು, ಕೊಂಬೆ ಕೂಡಿಕೊಂಡಿತು. ಆದರೆ ಚಿತ್ರದ ಹೊರಗಿನ ಎರಡೂ ಅಂಚು ಬೋಳು. ಪರಿಹಾರ ಗಿರಿಹಾರ ಏನೂ ಬೇಡ ಎಂದರು. ಏನಾಯಿತು, ಯಾರ ಕೈಯಿಂದಾಯಿತು ಎಂದು ಬರೆದು, ಆ ಕೈಯದ್ದೇ ಸಹಿ ಹಾಕಿಸಿ ಕೊಡಿ. ಫ್ರೇಮಿನ ಹಿಂದೆ ಲಕೋಟೆಯಲ್ಲಿ ಇಡುತ್ತೇನೆ, ಮುಂದೆ ಯಾರು ಬಿಚ್ಚಿದರೂ ಅಂಚು ಎಲ್ಲಿ ಹೋಯಿತೆಂದು ತಿಳಿಯಲಿ. ಅಷ್ಟೇ ಅವರು ಕೇಳಿದ್ದು.

(ಒಂದು ಗಳಿಗೆ ನನಗೆ ಹೊಟ್ಟೆಕಿಚ್ಚಾಯಿತು. ನೂರು ವರ್ಷದ ಮೇಲೆ ಒಬ್ಬರಾದರೂ ತೆರೆದು ಓದುತ್ತಾರೆಂಬ ಖಾತ್ರಿ ನನ್ನ ಯಾವ ಕತೆಗೂ ಇಲ್ಲ.)

ಆಲ್ಫೋನ್ಸ್‌ಗೆ ಮಾತ್ರ ಲಕೋಟೆ ಸಾಲದು. ಆ ಕಾಗದಕ್ಕೆ ಸಹಿ ಹಾಕಿದವರು ನವೆಂಬರಿನ ನಂತರ ಅಂಗಡಿಯಲ್ಲಿರುವುದಿಲ್ಲ ಎಂದು ಹೇಳಿಬಿಟ್ಟರು. ಜಾಬ್ ಕಾರ್ಡಿನಲ್ಲಿರುವುದು ನೌಶಾದ್‌ನ ಹೆಸರು. ಅವನ ವೀಸಾ ನವೆಂಬರಿನಲ್ಲೇ ರಿನ್ಯೂ ಆಗಬೇಕು. ಅವನ ವೀಸಾದ ಮೇಲೆ ಹೆಂಡತಿ ರುಬೀನ, ಇಲ್ಲಿಯೇ ಕುಸೈಸಿನ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅವನ ಕೆಲಸ ಹೋದರೆ ನಾಲ್ವರೂ ಗಂಟುಮೂಟೆ ಕಟ್ಟಬೇಕು. ದೀಪ್ತಿ ಒಪ್ಪಿಕೊಂಡರೆ ಅವಳಿಗೆ ಹೋಗುವುದು ಒಂದು ಸ್ಟೂಲು, ಒಂದು ಬ್ಲೇಡು, ಉಸ್ತಾದ್ ಎಂಬ ಒಂದು ಹೆಸರು. ಇಷ್ಟು ಸರಳವಾದ ಲೆಕ್ಕಕ್ಕೆ ಇಷ್ಟು ಉದ್ದದ ಕತೆ ಯಾಕೆ ಎನ್ನುತ್ತೀರಿ. ನಾನೂ ಅದನ್ನೇ ಅಂದೆ. ಅವಳು ಮೂರು ದಿನ ನನ್ನ ಜತೆ ಮಾತು ಬಿಟ್ಟಳು.

೪

ಆ ಮೂರು ದಿನದಲ್ಲಿ ನಾನು ಕಬುಕಿಯ ಬಗ್ಗೆ ಓದಿದೆ. (ಓದಿದ್ದನ್ನು ಇಲ್ಲಿ ತುರುಕುತ್ತೇನೆ, ಸಹಿಸಿಕೊಳ್ಳಿ.) ಹಿಂದೆ ಆ ನಟರಿಗೆ ನಾಟಕಶಾಲೆಯವರ ಜತೆ ಒಂದೊಂದೇ ವರ್ಷದ ಕಾಂಟ್ರಾಕ್ಟು. ವರ್ಷದ ಹನ್ನೊಂದನೇ ತಿಂಗಳಲ್ಲಿ, ಹೊಸದಾಗಿ ಗೊತ್ತುಮಾಡಿದ ನಟರನ್ನೆಲ್ಲ ಜನರೆದುರು ನಿಲ್ಲಿಸಿ ಮುಖ ತೋರಿಸುವ ಹಬ್ಬ ನಡೆಯುತ್ತಿತ್ತು. ಯಾರು ಉಳಿದರು, ಯಾರು ಹೋದರು ಎಂದು ಊರೇ ನೋಡಲು ಬರುತ್ತಿತ್ತು. ಅದರ ಚಿತ್ರಗಳೂ ಅಚ್ಚಾಗಿ ಮಾರಾಟವಾಗುತ್ತಿದ್ದವು. ಹಫ್ಸ ಮೇಡಂ ತಂದದ್ದು ಅಂಥದ್ದೇ.

ಹನ್ನೊಂದನೇ ತಿಂಗಳು. ನವೆಂಬರ್. ರಿನ್ಯೂವಲ್. ನಾನು ಕುರ್ಚಿಯಿಂದ ಎದ್ದು ನಿಂತೆ. ಇಂಥ ಹೋಲಿಕೆ ಕತೆಗಾರನ ಜನ್ಮಕ್ಕೆ ಒಮ್ಮೆ ಸಿಗುತ್ತದೆ. (ಅವರದು ಚಾಂದ್ರಮಾನದ ಲೆಕ್ಕ, ನಮ್ಮ ನವೆಂಬರಿಗೆ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಮುಚ್ಚಿಟ್ಟೆ.) 'ಮಾತು ಬಿಟ್ಟಿದ್ದರೂ ಪರವಾಗಿಲ್ಲ' ಎಂದು ದೀಪ್ತಿಗೆ ಫೋನ್ ಮಾಡಿ ಐದು ನಿಮಿಷ ಒಂದೇ ಸಮನೆ ವಿವರಿಸಿದೆ.

"ಆ ನಟರಿಗೆ ನಮ್ಮ ಹಾಗೆ ಎರಡು ವರ್ಷದ ವೀಸಾ ಇರ್ಲಿಲ್ವಾ?" ಎಂದು ಕೇಳಿದಳು. ಆಮೇಲೆ, "ಅಣ್ಣ, ಲೆಟರ್ ಆಯ್ತಾ?"

೫

ಲೆಟರಿನ ವಿಷಯದಲ್ಲಿ ಅವಳ ಬೇಡಿಕೆ ಏನು ಗೊತ್ತೇ? ನೌಶಾದ್‌ನೇ ಕತ್ತರಿಸಿದ್ದು ಎಂದಿರಬೇಕು, ಆದರೆ ಅವನ ಕೆಲಸ ಹೋಗದ ಹಾಗಿರಬೇಕು. ನೌಶಾದ್ ಮಾಡಿದ್ದು ದೊಡ್ಡ ತಪ್ಪು, ಆದರೆ ಅವನದೇನೂ ತಪ್ಪಿಲ್ಲ ಎಂದು ಓದಿದವರಿಗೆ ಅನಿಸಬೇಕು. ಅಂಥ ಇಂಗ್ಲಿಷನ್ನು ಇಂಗ್ಲಿಷಿನವರೇ ಇನ್ನೂ ಕಂಡುಹಿಡಿದಿಲ್ಲ ಎಂದೆ. ಕತೆ ಬರೀತೀರಲ್ಲ, ಅಷ್ಟಾಗೋದಿಲ್ವಾ ಎಂದಳು.

ನಾಚಿಕೆಯ ಸಂಗತಿ, ಆಯಿತು. 'ನೌಶಾದ್ ಎಂಬ ನಾನು, ಹಾಳೆಗಳ ಕ್ರಮವನ್ನು ತಪ್ಪಾಗಿ ತಿಳಿದು' ಎಂದು ಶುರು ಮಾಡಿ ಹನ್ನೆರಡು ನಿಮಿಷದಲ್ಲಿ ಮುಗಿಸಿದೆ. ಅಭ್ಯಾಸವಾದ ಕೈ. ಎಷ್ಟು ಜನರ ಹೆಸರಿನಲ್ಲಿ ಎಷ್ಟು ತಪ್ಪು ಒಪ್ಪಿಕೊಂಡಿದ್ದೇನೋ, ಒಂದಕ್ಕೂ ಎದೆ ಹೊಡೆದುಕೊಂಡದ್ದಿಲ್ಲ. ಈ ಸಲ ಪ್ರಿಂಟ್ ಕೊಟ್ಟು ನೋಡಿದರೆ ಮೈಯೆಲ್ಲ ಉರಿಯಿತು. ಕ್ರಮ ತಪ್ಪಿ ಇಟ್ಟವನು ಅವನಲ್ಲ. ಅವನೊಬ್ಬನೇ ಸರಿಯಾಗಿ ಇಟ್ಟದ್ದು. ನೂರು ವರ್ಷ ಆ ಲಕೋಟೆಯಲ್ಲಿ ಅವನು ಕ್ರಮ ಗೊತ್ತಿಲ್ಲದವನಾಗಿ ಕೂರುತ್ತಾನೆ, ಅದೂ ನನ್ನ ವ್ಯಾಕರಣದಲ್ಲಿ. ಸಿಟ್ಟಿನಲ್ಲಿ ಇನ್ನೊಂದು ಲೆಟರ್ ಟೈಪ್ ಮಾಡಿದೆ. 'ದೀಪ್ತಿ ಎಂಬ ನಾನು.' ಯಾರೂ ಕೇಳಿರಲಿಲ್ಲ.

ನೌಶಾದ್ ಏನೆಂದ ಎಂದು ನೀವು ಕೇಳಬೇಕು. ಅದೇ ದೀಪ್ತಿಯ ದೊಡ್ಡ ಸಂಕಟ. ಕತ್ತರಿಸಿದ್ದು ಯಾರೆಂದು ಅವನಿಗೆ ಗೊತ್ತು. ಬ್ಲೇಡ್ ಎಳೆದ ರೀತಿ ನೋಡಿದರೆ ಸಾಕು, ಆ ಅಂಗಡಿಯಲ್ಲಿ ಅಷ್ಟು ನೇರ ಗೆರೆ ಬೇರೆ ಯಾರಿಗೂ ಬರುವುದಿಲ್ಲ. ಆದರೂ ಅವನು ಆಲ್ಫೋನ್ಸ್‌ರೆದುರು ಬಾಯಿಬಿಡಲಿಲ್ಲ. ಇಂಗ್ಲಿಷ್ ಬರೆಯುವವರು ನಿಮ್ಮ ಬಿಲ್ಡಿಂಗಿನಲ್ಲಿ ಇದ್ದಾರಲ್ಲ ಅಕ್ಕ, ಒಂದು ಲೆಟರ್ ಮಾಡಿಸಿಕೊಡಿ ಎಂದು ಅವಳನ್ನೇ ಕೇಳಿದ. ಅವಳಿಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಅವನೆದುರು ನಿಂತು, ನೀನು ಯಾಕೆ ನನ್ನ ಹೆಸರು ಹೇಳುವುದಿಲ್ಲ ಎಂದು ಕೇಳಿಯೇಬಿಟ್ಟಳು.

"ಸಹಿ ನನ್ನದಲ್ವಾ ಅಕ್ಕ," ಎಂದ ನೌಶಾದ್. "ನೋಡದೆ ಹಾಕಿದ್ದು. ಅದೂ ತಪ್ಪೇ."

ಅಷ್ಟು ಹೇಳಿ ಗಾಜು ಒರೆಸಲು ಹೋದ. ಅವನು ಜಗಳ ಮಾಡಿದ್ದರೆ ಅವಳೂ ಜಗಳ ಮಾಡುತ್ತಿದ್ದಳು. ನಿನ್ನಿಂದ ನನ್ನ ಸಂಸಾರ ಬೀದಿಗೆ ಬಂತು ಎಂದಿದ್ದರೆ, ನೀನು ಕಣ್ಣು ಬಿಟ್ಟು ನೋಡಬೇಕಿತ್ತು ಎಂದು ಬೈದು ಹಗುರಾಗುತ್ತಿದ್ದಳು. ಅವನು ಆ ದಾರಿಯನ್ನೂ ಮುಚ್ಚಿದ. ಇದನ್ನು ನನಗೆ ಹೇಳುವಾಗ ದೀಪ್ತಿ ಅಳುತ್ತಿರಲಿಲ್ಲ, ಅವನನ್ನು ಬೈಯುತ್ತಿದ್ದಳು. ದೊಡ್ಡ ಮನುಷ್ಯ ಆಗ್ಲಿಕ್ಕೆ ಹೊರಟಿದ್ದಾನೆ ಎಂದು ಬೈಯುತ್ತಲೇ ಲಿಫ್ಟು ಹತ್ತಿದಳು.

೬

ಈಗ ಮುಕ್ತಾಯ. ಮೂರು ಬರೆದಿದ್ದೇನೆ, ಮೂರನ್ನೂ ಅವಳ ಊಟದ ಮೇಜಿನ ಮೇಲೆ ಹರಡಿದೆ. ಸುಶಾಂತ್ ಮನೆಯಲ್ಲಿರಲಿಲ್ಲ.

ಒಂದು: ದೀಪ್ತಿ ತಪ್ಪೊಪ್ಪಿಕೊಳ್ಳುತ್ತಾಳೆ. ಅವಳ ಪ್ರಾಮಾಣಿಕತೆಗೆ ಆಲ್ಫೋನ್ಸ್‌ರ ಕಣ್ಣು ಒದ್ದೆಯಾಗುತ್ತದೆ, ಇಬ್ಬರೂ ಕೆಲಸದಲ್ಲಿ ಉಳಿಯುತ್ತಾರೆ. ಸ್ಮರಣಸಂಚಿಕೆಯವರು ಕುಣಿದಾಡುವಂಥದ್ದು. ನೀವು ಆಲ್ಫೋನ್ಸ್ ಸರ್‌ನ ಕಣ್ಣು ನೋಡಿದ್ದೀರಾ ಎಂದು ಕೇಳಿ ಅದನ್ನು ಪಕ್ಕಕ್ಕೆ ಸರಿಸಿದಳು.

ಎರಡು: ದೀಪ್ತಿ ಸುಮ್ಮನಿರುತ್ತಾಳೆ. ಏರ್‌ಪೋರ್ಟಿನಲ್ಲಿ ರುಬೀನ ಮತ್ತು ಮಕ್ಕಳು, ಹಗ್ಗ ಬಿಗಿದ ಕಾರ್ಟನ್ನುಗಳು, ಕೈಬೀಸುವ ನೌಶಾದ್. ಓದುಗರನ್ನು ಅಳಿಸಲಿಕ್ಕೆಂದೇ ಬರೆದದ್ದು, ಒಪ್ಪಿಕೊಳ್ಳುತ್ತೇನೆ. ಅವಳು ಅದನ್ನು ಪೂರ್ತಿ ಓದಲಿಲ್ಲ.

ಮೂರು: ಕತ್ತರಿಸಿಹೋದ ಅಂಚುಗಳನ್ನು ಹಫ್ಸ ಮೇಡಂ ನೋಡಿ, ಬಲದಿಂದ ಓದುವ ಕೈ ಈ ನಾಲ್ಕು ಅಂಚನ್ನು ಕತ್ತರಿಸಲು ಸಾಧ್ಯವೇ ಇಲ್ಲ ಎಂದು ತಾವೇ ಲೆಕ್ಕ ಹಾಕಿ ದೀಪ್ತಿಯನ್ನು ಕರೆಸುತ್ತಾರೆ. ನನಗೆ ಇದೇ ಇಷ್ಟ. ಪತ್ತೇದಾರಿ ಇದೆ, ಯಾರೂ ಬಾಯಿಬಿಡಬೇಕಿಲ್ಲ, ಸತ್ಯ ತಾನಾಗಿ ಹೊರಬರುತ್ತದೆ.

ದೀಪ್ತಿ ಮೂರನೆಯದನ್ನು ಎರಡು ಸಲ ಓದಿದಳು. ಆಮೇಲೆ ಮೂರೂ ಕಾಗದ ಒಟ್ಟುಮಾಡಿ, ಅಂಚು ಸರಿಮಾಡಿ, ನನ್ನ ಕಡೆ ತಳ್ಳಿದಳು.

"ಮೂರರಲ್ಲೂ ಮಾಡಿದ್ದು ನೀವೇ ಅಣ್ಣ," ಎಂದಳು. "ಹೇಳ್ಸಿದ್ದೂ ನೀವು, ಬಾಯಿ ಮುಚ್ಚಿಸಿದ್ದೂ ನೀವು, ಕೊನೆಗೆ ಹಿಡ್ದು ಹಾಕಿದ್ದೂ ನೀವು. ಬುಕ್ಕಲ್ಲಿ ಬಂದ ಮೇಲೆ ಸಂಘದವ್ರು ಹೇಳ್ತಾರೆ, ಪಾಪ, ಒಪ್ಕೊಂಡ್ಳು ಅಂತ. ಒಪ್ಕೊಂಡದ್ದು ನಾನಾ? ನೀವು ನನ್ನ ಬಾಯಲ್ಲಿ ಹೇಳ್ಸಿದ್ರೆ ಅದು ನಾನು ಹೇಳಿದ ಹಾಗಾಗೋದಿಲ್ಲ. ಬ್ಲೇಡ್ ಎಳ್ದದ್ದು ನಾನು. ಇದೊಂದನ್ನಾದ್ರೂ ನಂಗೆ ಬಿಡಿ."

ನನಗೆ ಸಿಟ್ಟು ಬಂತು. ಹಾಗಾದರೆ ಹೋಗಿ ಹೇಳು, ನಾಲ್ಕು ವಾರದಿಂದ ನನ್ನ ತಲೆ ಯಾಕೆ ತಿನ್ನುತ್ತೀ ಎಂದೆ. ನನಗೆ ಹೆದರಿಕೆ ಅಣ್ಣ ಎಂದಳು, ಅಷ್ಟೇ ಸಿಟ್ಟಿನಲ್ಲಿ. ನಾಳೆಯಿಂದ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂದು ಗೊತ್ತಿಲ್ಲದ ಹೆದರಿಕೆ. ಟೈಮ್‌ಪಾಸ್ ಮುಗೀತಾ ಎಂದು ಸುಶಾಂತ್ ಕೇಳುವ ಹೆದರಿಕೆ. ಲೆಟರ್ ಬರೆಯುವವನಲ್ಲಿ ಇರುವ ಉತ್ತರಗಳೆಲ್ಲ ಒಂದು ಪೇಜಿನವು.

೭

ಸೋಮವಾರ ಬೆಳಿಗ್ಗೆ ಅವಳ ಜತೆ ಕರಾಮಕ್ಕೆ ಹೋದೆ. ನನ್ನ ಪ್ಲಾಸ್ಟಿಕ್ ಫೈಲಿನಲ್ಲಿ ಎರಡೂ ಲೆಟರ್ ಇದ್ದವು, ಸಹಿಯ ಜಾಗ ಎರಡರಲ್ಲೂ ಖಾಲಿ. ಅಂಗಡಿ ಆಗಷ್ಟೇ ತೆರೆದಿತ್ತು. ನೌಶಾದ್ ನಮಗೆ ಸಲಾಂ ಹೇಳಿ, ನನಗೊಂದು ಸ್ಟೂಲ್ ಕೊಟ್ಟು, ಸುಲೈಮಾನಿ ಚಹಾ ತರಿಸಿದ. ಆಲ್ಫೋನ್ಸ್ ಒಳಗೆ ಗಾಜಿನ ಬಾಗಿಲಿನ ಕ್ಯಾಬಿನ್ನಿನಲ್ಲಿ ಫೋನಿನಲ್ಲಿದ್ದರು. ಆ ಕಣ್ಣಿಗೆ ನೀರು ತರಿಸಲು ಹೊರಟಿದ್ದೆನಲ್ಲ ಎಂದು ನನಗೇ ನಗು ಬಂತು.

ಫೋನ್ ಮುಗಿದದ್ದು ಕಂಡಿತು. ನಾನು ಫೈಲ್ ತೆರೆದು ಎರಡೂ ಕಾಗದವನ್ನು ಅವಳ ಮುಂದೆ ಹಿಡಿದೆ. ಅವಳು ಎರಡನ್ನೂ ನೋಡಿದಳು. ಒಂದನ್ನೂ ಮುಟ್ಟದೆ, ಚೂಡಿದಾರದ ಶಾಲು ಸರಿಮಾಡಿಕೊಂಡು, ಬರಿಗೈಯಲ್ಲಿ ಒಳಗೆ ಹೋದಳು.

ಬಾಗಿಲು ಮುಚ್ಚಿತು. ಗಾಜಿನಾಚೆ ಎಲ್ಲ ಕಾಣುತ್ತದೆ, ಮಾತು ಕೇಳುವುದಿಲ್ಲ. ತುಟಿ ನೋಡಿದರೆ ಅರ್ಧವಾದರೂ ಗೊತ್ತಾಗುತ್ತಿತ್ತು. ಉಳಿದರ್ಧವನ್ನು ನಾನು ಸಲೀಸಾಗಿ ತುಂಬುತ್ತಿದ್ದೆ, ಅವಳಿಗಿಂತ ಚೆನ್ನಾಗಿಯೇ ತುಂಬುತ್ತಿದ್ದೆ. ಸ್ಟೂಲನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತೆ.

"ಒಳಗೆ ಎಂಥ ಮಾತು ಅಣ್ಣ?" ಎಂದು ನೌಶಾದ್ ಕೇಳಿದ. ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತ್ತು.

ಗೊತ್ತಿಲ್ಲ ಎಂದೆ. ಅವನು ನನ್ನ ಮಡಿಲಿನ ಕಾಗದಗಳನ್ನು ನೋಡಿದ. ಮೇಲಿದ್ದದ್ದು ಅವನ ಹೆಸರಿನದು. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಇನ್ನೊಂದನ್ನೂ ಹಾಕಿಕೊಂಡೆ.

ಓದುಗರೇ, ಇಷ್ಟು ದೂರ ಕರೆತಂದು ಬಾಗಿಲ ಹೊರಗೆ ಕೂರಿಸಿದ್ದಾನೆ ಎಂದು ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಸ್ಮರಣಸಂಚಿಕೆಯವರು ಆಗಲೇ ಶುರು ಮಾಡಿದ್ದಾರೆ, ಮುಕ್ತಾಯ ಕಳಿಸಿಲ್ಲ ಎಂದು ಮೂರು ಮೆಸೇಜ್ ಬಂದಿದೆ. ಆಮೇಲೆ ಏನಾಯಿತೆಂದು ನನಗೆ ಈಗ ಗೊತ್ತು. ಬರೆಯಬಹುದು, ಹತ್ತು ಸಾಲು ಸಾಕು. ಬರೆದರೆ ಅದು ನನ್ನದಾಗುತ್ತದೆ. ಈ ಕತೆಯ ಮಟ್ಟಿಗೆ ಒಳಗೆ ಅವಳು ಇನ್ನೂ ಮಾತಾಡುತ್ತಿದ್ದಾಳೆ, ಅದನ್ನು ಬರೆದುಕೊಟ್ಟವರು ಯಾರೂ ಇಲ್ಲ. ಅವಳು ಹೊರಗೆ ಬರುವ ಮೊದಲೇ ನಾನು ಏಳುತ್ತೇನೆ, ನೀವೂ ಏಳಿ.